ಎಕ್ಸ್‌ಪಿಡೈಟ್ ಕೆಲಸಕ್ಕೆ ಹಳೇ ಟ್ರ್ಯಾಕ್ಟರ್: ಅಮೆರಿಕಕ್ಕೆ ಹೊಸದಾಗಿ ಬಂದವರು ಮೊದಲು ಟೇಪ್ ಹಿಡಿಯಿರಿ

ವೀಸಾ ವಿಷಯ ಮೊದಲೇ ಹೇಳಿಬಿಡೋಣ. ಎಚ್-1ಬಿ ಮೇಲಿರುವವರು ವಾರಾಂತ್ಯದಲ್ಲೂ ಟ್ರಕ್ ಓಡಿಸಿ ದುಡಿಯುವಂತಿಲ್ಲ. ಮುಂದಿನ ಮಾತೆಲ್ಲ ಗ್ರೀನ್ ಕಾರ್ಡ್ ಇರುವವರಿಗೆ.

ಎಕ್ಸ್‌ಪಿಡೈಟ್ ಅಂದರೆ ಅರ್ಜೆಂಟ್ ಸರಕು. ಮಿಷಿಗನ್, ಒಹಾಯೋ ಕಡೆಯ ಕಾರ್ ಕಾರ್ಖಾನೆಯಲ್ಲಿ ಒಂದು ಬಿಡಿಭಾಗ ಖಾಲಿಯಾದರೆ ಲೈನೇ ನಿಲ್ಲುತ್ತದೆ. ಆಗ ನಾಲ್ಕು ಪ್ಯಾಲೆಟ್‌ (ಸರಕು ಜೋಡಿಸುವ ಮರದ ಹಲಗೆ) ಸರಕಿಗೂ ಇಡೀ ಟ್ರಕ್ ಬಾಡಿಗೆ. ಇದಕ್ಕೆ ಚಾಸಿಸ್ ಮೇಲೇ ಬಾಕ್ಸ್ ಕೂತ, ಸ್ಲೀಪರ್ (ಕ್ಯಾಬಿನ್ ಹಿಂದೆ ಮಲಗುವ ಗೂಡು) ಇರುವ ಸ್ಟ್ರೈಟ್ ಟ್ರಕ್ ಬೇಕು. ಹೊಸದು ದುಬಾರಿ. ಹಾಗಾಗಿ ಹಳೇ ಟ್ರ್ಯಾಕ್ಟರ್ (ಹೊಲದ್ದಲ್ಲ, ಟ್ರೇಲರ್ ಎಳೆಯುವ ಟ್ರಕ್ಕು) ಕೊಂಡು, ಟ್ರೇಲರ್ ಕೂರುವ ಕೊಂಡಿ ತಟ್ಟೆಯಾದ ಫಿಫ್ತ್ ವೀಲ್ ಬಿಚ್ಚಿ, ಚಾಸಿಸ್ ಉದ್ದ ಮಾಡಿಸುತ್ತಾರೆ.

ಎಡವುವುದು ಉದ್ದದ ಲೆಕ್ಕದಲ್ಲೇ. ಫ್ರೈಟ್‌ಲೈನರ್ ಕ್ಯಾಸ್ಕೇಡಿಯಾ 126 ತಗೊಳ್ಳಿ: ಸ್ಲೀಪರ್ ಬಿಟ್ಟು ಬಂಪರಿನಿಂದ ಕ್ಯಾಬಿನ್ ಹಿಂಭಾಗಕ್ಕೆ 126 ಇಂಚು. ಸ್ಲೀಪರ್ 72, ನಡುವಿನ ಸಂದು 8, 22 ಅಡಿ ಬಾಕ್ಸ್ 264, ಒಟ್ಟು 470. ಬಹಳಷ್ಟು ರಾಜ್ಯಗಳ ಮಿತಿ 40 ಅಡಿ, ಅಂದರೆ 480. ಅಡುಗೆಕಟ್ಟೆ ಇರುವ 96 ಇಂಚಿನ ಸ್ಲೀಪರಿಗೆ ಆಸೆಪಟ್ಟರೆ 494 ಆಯಿತು. ಬಾಕ್ಸ್ 20 ಅಡಿಗೆ ಇಳಿಸಬೇಕು. 48×40 ಇಂಚಿನ ಪ್ಯಾಲೆಟ್ಟುಗಳ ಆರನೇ ಸಾಲಿಗೆ ಒಳಗೆ ಪೂರ್ತಿ 240 ಇಂಚು ಸಿಗುವುದಿಲ್ಲ. 12 ಹಿಡಿಯುವ ಕಡೆ 10. ಮಲಗುವ ಸುಖಕ್ಕೆ ಎರಡು ಪ್ಯಾಲೆಟ್ ಬಾಡಿಗೆ ಕೊಟ್ಟಂತೆ!

ತೂಕವೂ ಹಾಗೆಯೇ. ದೊಡ್ಡ ಸ್ಲೀಪರಿನ ಭಾರ ಮುಂದಿನ ಆಕ್ಸಲ್ ಮೇಲೆ ಬೀಳುತ್ತದೆ, ಅದರ ಸಾಮರ್ಥ್ಯ ಸಾಮಾನ್ಯವಾಗಿ 12,000 ಪೌಂಡ್. 200 ಗ್ಯಾಲನ್ ಡೀಸೆಲ್ಲೇ ಸುಮಾರು 1,400 ಪೌಂಡ್. ಟ್ಯಾಂಕ್ ತುಂಬಿಸಿ, ಸರದಿಯಲ್ಲಿ ಓಡಿಸುವ ಡ್ರೈವರುಗಳು ಇಬ್ಬರಿದ್ದರೆ ಇಬ್ಬರನ್ನೂ ಕೂರಿಸಿ ಕ್ಯಾಟ್ ಸ್ಕೇಲಿನಲ್ಲಿ (ಟ್ರಕ್ ಸ್ಟಾಪಿನ ತೂಕದ ಕಟ್ಟೆ) ತೂಗಿ. ಆ ತೂಕಕ್ಕೆ ಲಿಫ್ಟ್‌ಗೇಟ್ (ಸರಕು ಎತ್ತಿಳಿಸುವ ಹಿಂದಿನ ಹಲಗೆ), ಬಾಕ್ಸ್ ಸೇರಿಸಿ, ಜಿವಿಡಬ್ಲ್ಯುಆರ್‌ನಿಂದ (ಸರಕು ಸೇರಿ ಗಾಡಿಗೆ ಒಪ್ಪಿದ ಗರಿಷ್ಠ ತೂಕ) ಕಳೆದ ಮೇಲೆ ಉಳಿದದ್ದು ಪೇಲೋಡ್, ಅಂದರೆ ಹೊರಬಹುದಾದ ಸರಕು. ಅದು ನೀವು ಸೇರಲಿರುವ ಕಂಪನಿಗೆ ಸಾಕೇ, ಟ್ರಕ್ಕಿನ ವಯಸ್ಸು ಒಪ್ಪಿಗೆಯೇ ಎಂದು ಕೊಳ್ಳುವ ಮುಂಚೆಯೇ ಕೇಳಿ.

ಇಂಜಿನ್ನಿನ ಇಸಿಎಂ (ಕಂಪ್ಯೂಟರ್) ರಿಪೋರ್ಟ್, ಆಯಿಲ್ ಟೆಸ್ಟ್, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಚರಿತ್ರೆ ನೋಡದೆ ಅಡ್ವಾನ್ಸ್ ಕೊಡಬೇಡಿ.

ನಾಮಕ್ಕಲ್‌ನಲ್ಲಿ ಲಾರಿಗೆ ಬಾಡಿ ಕಟ್ಟಿಸಿದ ಧೈರ್ಯ ಚಾಸಿಸ್ ಕೆಲಸದಲ್ಲಿ ಬೇಡ. ಚಾಸಿಸ್ಸಿನ ರೈಲುಗಳು (ಉದ್ದನೆಯ ಎರಡು ತೊಲೆಗಳು) ಹೀಟ್ ಟ್ರೀಟ್ ಮಾಡಿದ ಉಕ್ಕು; ಮೇಲಿನ, ಕೆಳಗಿನ ಅಂಚಿಗೆ ತೂತು ಹೊಡೆದರೆ, ವೆಲ್ಡ್ ಮಾಡಿದರೆ ಬಿರುಕು ಅಲ್ಲಿಂದಲೇ ಶುರು. ಬೋಲ್ಟ್ ಏನಿದ್ದರೂ ರೈಲಿನ ಪಕ್ಕದ ಗೋಡೆಗೆ. ಬೇರೆಲ್ಲೇ ವೆಲ್ಡಿಂಗ್ ಇದ್ದರೂ ಅದಕ್ಕೆ ಮೊದಲು ಬ್ಯಾಟರಿಯನ್ನೂ ಇಸಿಎಂ ಕನೆಕ್ಟರುಗಳನ್ನೂ ಬಿಚ್ಚಿಸಿ. ಉದ್ದವಾದ ಡ್ರೈವ್‌ಶಾಫ್ಟಿಗೆ ನಡುವೆ ಆಸರೆಯಾಗಿ ಕ್ಯಾರಿಯರ್ ಬೇರಿಂಗ್ ಬೇಕು, ಯು-ಜಾಯಿಂಟ್ (ಶಾಫ್ಟಿನ ಕೀಲು) ಕೋನ 3 ಡಿಗ್ರಿ ಒಳಗಿರಲಿ. ಕೋನ ತಪ್ಪಿದರೆ ಹೈವೇ ವೇಗದಲ್ಲಿ ನಡುಕ, ಆಮೇಲೆ ಗೇರ್‌ಬಾಕ್ಸ್ ಹಿಂದಿನ ಸೀಲ್ ಸೋರುತ್ತದೆ. ಏರ್ ಪೈಪ್ ಉದ್ದವಾದಷ್ಟೂ ಬ್ರೇಕ್ ತಡ, ಆದ್ದರಿಂದ ಬ್ರೇಕಿಗೆ ಗಾಳಿ ಬಿಡುವ ರಿಲೇ ವಾಲ್ವ್ ಹಿಂದಿನ ಆಕ್ಸಲ್ ಹತ್ತಿರವೇ ಕೂರಲಿ.

ಪ್ಲೇಟಿನ ಮೇಲಿನ ಜಿವಿಡಬ್ಲ್ಯುಆರ್ 26,001 ಪೌಂಡ್ ಮುಟ್ಟಿದರೆ, ಖಾಲಿ ಓಡಿಸಿದರೂ ಕ್ಲಾಸ್ ಬಿ ಸಿಡಿಎಲ್ (ಕಮರ್ಷಿಯಲ್ ಡ್ರೈವಿಂಗ್ ಲೈಸೆನ್ಸ್) ಬೇಕು. ಪರೀಕ್ಷೆಯನ್ನು ಏರ್ ಬ್ರೇಕ್ ಗಾಡಿಯಲ್ಲೇ ಕೊಡಿ, ಇಲ್ಲದಿದ್ದರೆ ಲೈಸೆನ್ಸಿನಲ್ಲಿ ನಿರ್ಬಂಧ ಬೀಳುತ್ತದೆ. ಟೈಟಲ್ಲಿನಲ್ಲಿ (ಗಾಡಿಯ ಒಡೆತನದ ಪತ್ರ) 'ಟ್ರ್ಯಾಕ್ಟರ್' ಎಂಬುದು 'ಟ್ರಕ್' ಆಗದೆ ಇನ್ಶೂರೆನ್ಸಿಗೆ ಹೋಗಬೇಡಿ. 12 ಶೇಕಡಾ ಫೆಡರಲ್ ಎಕ್ಸೈಸ್ ತೆರಿಗೆ ನಿಮ್ಮ ಬದಲಾವಣೆಗೆ ಅಂಟುತ್ತದೆಯೇ ಎಂದು ಸಿಪಿಎ (ಲೆಕ್ಕಪರಿಶೋಧಕರು) ಬಳಿ ಕೇಳುವುದೂ ಗಾಡಿ ಕೊಯ್ಯುವ ಮೊದಲೇ. ಕೆಲಸ ಮುಗಿದು 500 ಮೈಲಿ ಓಡಿದ ಮೇಲೆ ಸಸ್ಪೆನ್ಷನ್ ಯು-ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿಸಿ.