ಬೆಳಗಿನ ಜಾವನೇ ಹೋಗ್ಬೇಕಾ? ಗುಬ್ಬಿ ಕಡೆ ಕೆರೆಗಳಲ್ಲಿ ಗಾಳ ಹಾಕಿದ ನನ್ನ ಅನುಭವ

ಗಾಳ ಹಿಡಿದೋರಿಗೆಲ್ಲ ಮೊದಲು ಸಿಗೋ ಬುದ್ಧಿಮಾತು ಒಂದೇ, ಬೆಳಗಿನ ಜಾವ ಹೋಗು ಅಂತ. ನಾನೂ ಮೂರು ವರ್ಷ ಅದನ್ನೇ ನಂಬ್ಕೊಂಡು ನಾಲ್ಕೂವರೆಗೆ ಅಲಾರಾಂ ಇಟ್ಟು, ಮನೇಲಿ ಬೈಸ್ಕೊಂಡು, ಕತ್ತಲಲ್ಲೇ ಬೈಕ್ ತಳ್ಕೊಂಡು ಹೋಗಿ ಕೆರೆ ಏರಿ ಮೇಲೆ ಕೂತಿದ್ದೀನಿ. ಕೆಲವು ದಿನ ಒಳ್ಳೆ ಮೀನು ಸಿಗ್ತಿತ್ತು, ಕೆಲವು ದಿನ ದಾರಕ್ಕೆ ಕಟ್ಟಿ ನೀರ ಮೇಲೆ ತೇಲಿಬಿಡೋ ಬೆಂಡು ಅಲ್ಲಾಡ್ತಾನೇ ಇರ್ಲಿಲ್ಲ, ಯಾಕೆ ಅಂತ ತಲೆಗೆ ಹೋಗ್ತಿರ್ಲಿಲ್ಲ.

ಒಂದ್ಸಲ ಎರಡು ದಿನ ಬಿಡದೆ ಮೋಡ ಮುಚ್ಕೊಂಡು ಎಲೆ ಅಲ್ಲಾಡದಂಗೆ ಗಾಳಿ ನಿಂತಿತ್ತು. ಬೆಳಕು ಹರಿಯೋ ಹೊತ್ತಿಗೆ ನೋಡ್ತೀನಿ, ಕೆರೆ ತುಂಬ ಮೀನು ಮೇಲೆ ಬಂದು ಬಾಯಿ ಬಿಡ್ತಾ ಇದಾವೆ. ಖುಷಿಯಾಗಿ ಕಡ್ಲೆಕಾಯಿ ಹಿಂಡಿ ಉಂಡೆ ಕಟ್ಟಿ ಅವುಗಳ ಮೂತಿ ಮುಂದೇನೇ ಎಸೆದೆ. ಒಂದೂ ಮೂಸಿ ನೋಡ್ಲಿಲ್ಲ. ಹರಿಗೋಲಲ್ಲಿ ಬಲೆ ಬಿಡಿಸ್ತಿದ್ದ ತಾತ ನೋಡಿ ನಕ್ಕು, "ಅವು ಉಸಿರಿಗೇ ಒದ್ದಾಡ್ತಾವೆ, ನಿನ್ ಹಿಂಡಿ ತಿನ್ನಕ್ಕೆ ಬಿಡುವೆಲ್ಲೈತ್ಲಾ? ಬಿಸ್ಲು ಬರ್ಲಿ ತಡಿ" ಅಂದ್ರು. ಆಮೇಲೆ ಓದಿ ತಿಳ್ಕೊಂಡೆ, ನೀರಲ್ಲಿರೋ ಪಾಚಿ ಗಿಡ ಎಲ್ಲ ಹಗಲು ಬಿಸಿಲಲ್ಲಿ ಆಮ್ಲಜನಕ ಬಿಡ್ತವೆ, ರಾತ್ರಿ ಅವೇ ಅದನ್ನ ಎಳ್ಕೋತವೆ, ಹಂಗಾಗಿ ಸೂರ್ಯ ಹುಟ್ಟೋಕೆ ಸ್ವಲ್ಪ ಮುಂಚೆನೇ ನೀರಲ್ಲಿ ಆಮ್ಲಜನಕ ತೀರಾ ಕಮ್ಮಿ ಇರುತ್ತೆ, ಹಿಂದಿನ ದಿನ ಮೋಡ ಇದ್ರಂತೂ ಕೇಳೋದೇ ಬೇಡ. ಈಗ ಅಂಥ ದಿನ ನಾನು ಆರಾಮಾಗಿ ತಿಂಡಿ ತಿಂದು ಎಂಟೂವರೆ ಮೇಲೆ ಹೋಗ್ತೀನಿ. ಕಾಟ್ಲಾ, ರೋಹು, ಗೆಂಡೆಗೆ ಈ ಮಾತು. ಕೊರಮೀನು ಮೇಲೆ ಬಂದು ಗಾಳಿನೇ ನುಂಗೋ ಜಾತಿ, ಅದಕ್ಕೆ ಈ ತಾಪತ್ರಯ ಇಲ್ಲ, ಅದಕ್ಕಾದ್ರೆ ಕತ್ತಲು ಕಳೆಯೋ ಹೊತ್ತಲ್ಲೇ ಜೊಂಡಿನ ಪಕ್ಕ ಗಾಳ ಇರೋ ರಬ್ಬರ್ ಕಪ್ಪೆ ಎಸೆದು ನೀರ ಮೇಲೆ ಎಳೀಬೇಕು.

ನನ್ನ ಕೇಳಿದ್ರೆ ಗಡಿಯಾರಕ್ಕಿಂತ ಗಾಳಿ ನೋಡೋದು ಮುಖ್ಯ. ಆಷಾಢದಲ್ಲಿ ನಮ್ಮ ಕಡೆ ಪಡುವಣ ಗಾಳಿ ಹೆಂಗೆ ಬೀಸುತ್ತೆ ಅಂತ ಗೊತ್ತಲ್ಲ, ತಲೆ ಮೇಲಿನ ಟೋಪಿ ನಿಲ್ಲಲ್ಲ. ಎಲ್ಲರೂ ಗಾಳಿಗೆ ಬೆನ್ನು ಕೊಟ್ಟು ಕೂತ್ಕೋತಾರೆ, ಎಸೆಯೋಕೆ ಸಲೀಸು, ದೂರನೂ ಹೋಗುತ್ತೆ. ಆದ್ರೆ ಗಾಳಿ ಮೇಲ್ಮೈ ನೀರನ್ನ, ಅದರ ಜೊತೆ ಹುಳ ಹುಪ್ಪಟೆ ಸಣ್ಣ ಜೀವಿಗಳನ್ನೆಲ್ಲ ಎದುರು ದಡಕ್ಕೆ ತಳ್ಳುತ್ತೆ, ಮೀನೂ ಅದರ ಹಿಂದೇನೇ ಹೋಗುತ್ತೆ. ನಾನು ಹೋಗೋ ಕೆರೆಗೆ ಏರಿ ಮೂಡಲಿಗೈತೆ, ಅಲೆ ಬಂದು ಏರಿ ಕಲ್ಲಿಗೆ ಬಡಿದು ಒಂದು ಗೆರೆ ನೊರೆ ನಿಲ್ಲುತ್ತೆ. ಆ ನೊರೆಯಿಂದ ಹತ್ತು ಹದಿನೈದು ಅಡಿ ಆಚೆ ಬಿಟ್ರೆ ಸಾಕು. ಮುಖಕ್ಕೆ ಗಾಳಿ ಹೊಡೆಯುತ್ತೆ, ಕಣ್ಣಲ್ಲಿ ನೀರು ಬರುತ್ತೆ, ತಂಗುಸಿ (ಗಾಳದ ನೈಲಾನ್ ದಾರ) ಗಂಟು ಬೀಳುತ್ತೆ, ಬೆಂಡಂತೂ ಕಾಣಲ್ಲ. ಅದಕ್ಕೆ ಬೆಂಡು ತೆಗೆದು ದಪ್ಪ ಸೀಸ ಕಟ್ಟಿ ತಳಕ್ಕೆ ಬಿಡ್ತೀನಿ, ರಾಡಿನ ತುದಿಗೆ ಒಂದು ಗೆಜ್ಜೆ ಕಟ್ಟಿರ್ತೀನಿ, ನಮ್ಮ ಮಗಳು ಚಿಕ್ಕೋಳಿದ್ದಾಗ ಹಾಕ್ಕೋತಿದ್ದ ಗೆಜ್ಜೇದೇ ಒಂದು ಗುಂಡು. ಗಾಳಿಗೆ ಅದು ಸುಮ್ನೆ ಚಿಲಿಚಿಲಿ ಅಂತಿರುತ್ತೆ, ಮೀನು ಎಳೆದಾಗ ಘಲ್ಲಂತ ಒಂದೇ ಸಲ ಬರುತ್ತೆ, ನಾಲ್ಕು ದಿನ ಕೇಳಿದ್ರೆ ಕಿವಿಗೆ ವ್ಯತ್ಯಾಸ ತಿಳಿಯುತ್ತೆ. ನನ್ನ ಅತಿ ದೊಡ್ಡ ಕಾಟ್ಲಾ, ಆರು ಕೆಜಿ ಚಿಲ್ಲರೆ, ಹಿಂಗೇ ಮಟಮಟ ಮಧ್ಯಾಹ್ನ ಎರಡು ಗಂಟೇಲಿ ಸಿಕ್ಕಿದ್ದು.

ಮಳೆ ವಿಷ್ಯ ಬೇರೆ. ಜಿನುಗು ಮಳೆ ಅಂದ್ರೆ ಹಬ್ಬ, ಉತ್ತರೆ ಹಸ್ತೆ ಟೈಮಲ್ಲಿ ಛತ್ರಿ ಹಿಡ್ಕೊಂಡಾದ್ರೂ ಕೂತ್ಕೋಬೇಕು. ಜಡಿಮಳೆ ಬಂದು ಹಳ್ಳದಿಂದ ಕೆಂಪು ನೀರು ನುಗ್ಗಿದ್ರೆ ಮಾತ್ರ ಎರಡು ಮೂರು ದಿನ ಮನೇಲಿರೋದೇ ವಾಸಿ. ಆಸೆ ತಡೀಲಾರದೆ ಹೋದ್ರೆ ಹಿಂಡಿ ಬಿಟ್ಟು ಎರೆಹುಳ ಹಾಕಿ, ಹೊಸ ನೀರು ಸೇರೋ ಬಾಯಲ್ಲಿ, ಕೆಸರು ನೀರು ತಿಳಿನೀರು ಕೂಡೋ ಗೆರೆ ಮೇಲೆ. 2022ರಲ್ಲಿ ನಮ್ಮ ತುಮಕೂರು ಜಿಲ್ಲೆ ಕೆರೆಗಳು ಕೋಡಿ ಬಿದ್ದಾಗ ಜನ ಕೋಡಿ ಕೆಳಗೆ ಸೀರೆ, ಸೊಳ್ಳೆಪರದೆ ಹಿಡ್ಕೊಂಡೇ ಮೀನು ತುಂಬ್ಕೊಂಡ್ರು, ನಮ್ಮ ಗಾಳ ಯಾರಿಗೆ ಬೇಕಿತ್ತು.

ಬೇಸಿಗೇಲಿ ಸಂಜೆ ಐದರ ಮೇಲೆ, ತೂಬಿನ ಹತ್ರ ಆಳ ಇರೋ ಕಡೆ. ಬಿಸಿ ನೀರಲ್ಲಿ ಆಮ್ಲಜನಕ ಜಾಸ್ತಿ ನಿಲ್ಲಲ್ಲ. ಸಂಕ್ರಾಂತಿ ಆಸುಪಾಸಿನ ಚಳೀಲಿ ಇದರ ಉಲ್ಟಾ, ಹನ್ನೊಂದರಿಂದ ಮೂರು, ಬಿಸಿಲು ಬೀಳೋ ಆಳ ಇಲ್ಲದ ದಡ. ಜಿಲೇಬಿ ಮೀನಂತೂ (ತಿಲಾಪಿಯಾ) ಚಳಿಗೆ ಬಾಯೇ ತೆಗೆಯಲ್ಲ. ಮೊಬೈಲಲ್ಲಿ ಒಂದು ಆ್ಯಪ್ ಇತ್ತು, ಚಂದ್ರನ ಲೆಕ್ಕ ಹಾಕಿ ದಿನಕ್ಕೆ ಸ್ಟಾರ್ ಕೊಡೋದು, ಐದು ಸ್ಟಾರ್ ದಿನ ಮಾರ್ಕೋನಹಳ್ಳಿ ಡ್ಯಾಮ್ ತನಕ ಪೆಟ್ರೋಲ್ ಸುಟ್ಕೊಂಡು ಹೋಗಿ ಬರಿಗೈಲಿ ಬಂದೆ, ಡಿಲೀಟ್ ಮಾಡ್ದೆ.

ಇನ್ನೊಂದು, ಇದು ಮೀನಿಗಲ್ಲ ಜೀವಕ್ಕೆ. ಚಿತ್ತೆ ಮಳೇಲಿ ಒಂದು ಸಂಜೆ ಗೆಜ್ಜೆ ಒಂದೇ ಸಮನೆ ಬಡಿದುಕೊಳ್ತಿತ್ತು, ದೂರದಲ್ಲಿ ಗುಡುಗು. ಇನ್ನೊಂದೇ ಮೀನು, ಇನ್ನೊಂದೇ ಮೀನು ಅಂತ ಕೂತೆ. ನನ್ನದು ಕಾರ್ಬನ್ ರಾಡು, ಅದರಲ್ಲಿ ಕರೆಂಟು ಹರಿಯುತ್ತೆ ಅಂತ ಗೊತ್ತಿದ್ದೂ ಕೂತೆ. ಎದುರು ದಡದ ತೆಂಗಿನಮರಕ್ಕೆ ಸಿಡಿಲು ಬಿದ್ದು ಸುಳಿ ಹತ್ಕೊಂಡು ಉರಿಯೋದನ್ನ ನೋಡಿದ ಮೇಲೇನೇ ರಾಡು ಅಲ್ಲೇ ಬಿಸಾಕಿ ಏರಿ ಇಳಿದು ಓಡಿದ್ದು. ಮಾರನೇ ದಿನ ಹೋದ್ರೆ ರಾಡು ಕೆಸರಲ್ಲಿ ಬಿದ್ದಿತ್ತು, ಹಿಂಡಿ ಡಬ್ಬಿ ಮಗುಚಿ ಏಡಿಗಳು ಮುತ್ಕೊಂಡಿದ್ವು, ರೀಲ್ ಬಿಚ್ಚಿ ಮರಳು ತೆಗಿಯೋಕೆ ಎರಡು ದಿನ ಹಿಡೀತು.