ಒಂದೇ ಹೊಲದಲ್ಲಿ ಎರಡು ಗುಂಡಿ

ನಾನು ಮಣ್ಣು ವಿಜ್ಞಾನ ಓದಿದವನು. 1934ರಲ್ಲಿ ಕಲ್ಕತ್ತೆಯಲ್ಲಿ ಶುರುವಾದ ಭಾರತೀಯ ಮಣ್ಣು ವಿಜ್ಞಾನ ಸಂಘದ ಸದಸ್ಯ. ಸಂಘದ ಪತ್ರಿಕೆಯಲ್ಲಿ ಒಳ್ಳೊಳ್ಳೆ ಲೇಖನ ಬರುತ್ತವೆ. ಆದರೆ ಎಲ್ಲಾ ಇಂಗ್ಲಿಷಿನಲ್ಲಿ. ಜಗಳೂರು ಕಡೆಯ ನಮ್ಮ ರೈತರಿಗೆ ಅದನ್ನು ಯಾರಾದರೂ ಹೊಲದಲ್ಲೇ ನಿಂತು ಹೇಳಬೇಕು. ಆ ಕೆಲಸ ನಮ್ಮಂಥ ಸದಸ್ಯರದ್ದೇ ಅಂತ ನನ್ನ ನಂಬಿಕೆ.

ಡಿಸೆಂಬರ್ 5 ವಿಶ್ವ ಮಣ್ಣಿನ ದಿನ. ಅದನ್ನು 2002ರಲ್ಲಿ ಮೊದಲು ಸೂಚಿಸಿದ್ದು ಅಂತರರಾಷ್ಟ್ರೀಯ ಮಣ್ಣು ವಿಜ್ಞಾನ ಒಕ್ಕೂಟ. ವಿಶ್ವಸಂಸ್ಥೆ ಒಪ್ಪಿದ್ದು 2013ರಲ್ಲಿ. ನಮ್ಮಲ್ಲಿ ಆ ದಿನವನ್ನು ಸಭಾಂಗಣದಿಂದ ಹೊಲಕ್ಕೆ ತಂದೆವು. ಅಷ್ಟೊತ್ತಿಗೆ ಮೆಕ್ಕೆಜೋಳ ಮುರಿದಾಗಿರುತ್ತದೆ, ಹೊಲ ಖಾಲಿ ಇರುತ್ತದೆ.

ಒಂದೇ ಹೊಲದಲ್ಲಿ ಎರಡು ಗುಂಡಿ ತೋಡಿಸುತ್ತೇನೆ. ಒಂದು ಮೇಲಿನ ತುದಿಗೆ, ಒಂದು ಇಳಿಜಾರಿನ ಕೆಳಗೆ. ಮೂರು ಅಡಿ ಆಳ ಸಾಕು. ಒಂದು ಗೋಡೆಯನ್ನು ಕುರ್ಚಿಗೆಯಿಂದ ನೀಟಾಗಿ ಕೆರೆದರೆ ಪದರಗಳು ಕಾಣುತ್ತವೆ. ಮೇಲಿನ ಗುಂಡಿಯಲ್ಲಿ ಒಂದು ಗೇಣೂ ಹೋಗುವ ಮೊದಲೇ ಗರಸು ಸಿಗುತ್ತದೆ. ಕೆಳಗಿನದರಲ್ಲಿ ಮೊಳದುದ್ದ ಒಳ್ಳೆ ಮಣ್ಣು. ಹೊಲದ ಯಜಮಾನನನ್ನೇ ಗುಂಡಿಗೆ ಇಳಿಸಿ, ಎರಡೂ ಕಡೆ ಮುಟ್ಟಿ ನೋಡಿ ಅನ್ನುತ್ತೇನೆ. ಮಣ್ಣು ಎಲ್ಲಿಗೆ ಹೋಯಿತು ಅಂತ ಆಮೇಲೆ ನಾನು ಹೇಳಬೇಕಾಗಿಲ್ಲ.

ಆಗ ಲೆಕ್ಕ ತೆಗೆಯುತ್ತೇನೆ. ಧ್ರುವ ನಾರಾಯಣ ಮತ್ತು ರಾಮ್ ಬಾಬು ಎಂಬ ವಿಜ್ಞಾನಿಗಳು 1983ರಲ್ಲಿ ಪ್ರಕಟಿಸಿದ ಅಂದಾಜು ಅದು. ಸರಾಸರಿ ನೋಡಿದರೆ ನಮ್ಮ ದೇಶದಲ್ಲಿ ವರ್ಷಕ್ಕೆ ಹೆಕ್ಟೇರಿಗೆ 16 ಟನ್‌ಗಿಂತ ಜಾಸ್ತಿ ಮಣ್ಣು ಕೊಚ್ಚಿಹೋಗುತ್ತದೆ. ಎಕರೆಗೆ ಸುಮಾರು ಆರೂವರೆ ಟನ್, ಅಂದರೆ ಎರಡು ಟ್ರ್ಯಾಕ್ಟರ್ ಲೋಡು. ಈ ಮಾತು ನಮ್ಮವರಿಗೆ ನೇರ ತಟ್ಟುತ್ತದೆ. ಬೇಸಿಗೆಯಲ್ಲಿ ದುಡ್ಡು ಕೊಟ್ಟು ಹೊಲಕ್ಕೆ ಕೆರೆಗೋಡು, ಅಂದರೆ ಕೆರೆಯ ಹೂಳು, ಹೊಡೆಸುತ್ತೇವೆ, ಅಲ್ವಾ? ಆ ಗೋಡು ಮೇಲಿನ ಹೊಲಗಳಿಂದ ಇಳಿದು ಬಂದದ್ದೇ.

ಆಮೇಲೆ ಮಟ್ಟ ಹಿಡಿಯುವ ಕೆಲಸ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ಕೋಲಿಗೆ ಕಟ್ಟುತ್ತೇವೆ. ಎರಡೂ ಕೋಲಿನಲ್ಲಿ ನೀರು ಸಮ ನಿಂತ ಕಡೆ ಸುಣ್ಣದ ಗುರುತು. ಗುರುತು ಸೇರಿಸಿದರೆ ಸಮಪಾತಳಿ ಗೆರೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ. ಪುಸ್ತಕದ ಪ್ರಕಾರ ಬದು ಆ ಗೆರೆಯ ಮೇಲೇ ಬರಬೇಕು. ಆದರೆ ಸುಣ್ಣದ ಗೆರೆ ಸರ್ವೆ ಗಡಿಯನ್ನು ಕೇಳುವುದಿಲ್ಲ, ಪಕ್ಕದವರ ಹೊಲಕ್ಕೂ ನುಗ್ಗುತ್ತದೆ. ಹೊಲ ತುಂಡಾಗುತ್ತದೆ ಅಂತ ರೈತರು ಒಪ್ಪುವುದಿಲ್ಲ. ಅವರ ಮಾತಿನಲ್ಲಿ ನ್ಯಾಯವಿದೆ. ಅದಕ್ಕೇ ಗಡಿ ಬದು ಇದ್ದಲ್ಲೇ ಗಟ್ಟಿ ಮಾಡಿ, ತಗ್ಗಿನ ಮೂಲೆಯಲ್ಲಿ ಕಲ್ಲಿನ ಕೋಡಿ ಇಡುತ್ತೇವೆ. ಉಳುಮೆ, ಬಿತ್ತನೆ, ಎಡೆಕುಂಟೆ ಮಾತ್ರ ಸುಣ್ಣದ ಗೆರೆಯ ಜೊತೆಗೇ ಹೋಗಬೇಕು. ನಡುನಡುವೆ ತೊಗರಿ ಅಕ್ಕಡಿ, ಅಂದರೆ ಮುಖ್ಯ ಬೆಳೆಯ ಮಧ್ಯೆ ತೊಗರಿ ಸಾಲು. ಖರ್ಚು ಕಡಿಮೆ, ಸಾಲಿಗೊಂದು ಸಣ್ಣ ತಡೆ ಸಿಗುತ್ತದೆ.

ಬಳ್ಳಾರಿಯ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ 1954ರಿಂದ ಇದೆ. ಚಿತ್ರದುರ್ಗದ ಪಕ್ಕದ ಜಿ.ಆರ್. ಹಳ್ಳಿಯಲ್ಲೂ ಆ ಕೇಂದ್ರದ ವಿಜ್ಞಾನಿಗಳು ಜಲಾನಯನ ಕೆಲಸ ಮಾಡಿದ್ದರು. ಇಷ್ಟು ಹತ್ತಿರದ ಅನುಭವ ನಮ್ಮೂರಿಗೆ ಬರಲು ಇಷ್ಟು ತಡ ಆಗಬಾರದಿತ್ತು.

ಈಗ ಬದುವಿನ ಹಿಂದೆ ಗುರುತು ಹಾಕಿದ ಗೂಟ ನೆಟ್ಟಿದ್ದೇವೆ. ಪ್ರತಿ ದೊಡ್ಡ ಮಳೆಯ ಮೇಲೆ ಎಷ್ಟು ಮಣ್ಣು ನಿಂತಿದೆ ಅಂತ ರೈತರೇ ಬರೆದಿಡುತ್ತಾರೆ. ಆ ಲೆಕ್ಕವನ್ನು ಸಂಘದ ಸಭೆಯಲ್ಲಿ ಇಡಬೇಕು, ಬರೆದಿಟ್ಟ ರೈತರನ್ನೂ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಗಡಿ ಬದುವಿನ ತೊಡಕನ್ನು ಅವರ ಬಾಯಿಂದಲೇ ವಿಜ್ಞಾನಿಗಳು ಕೇಳಲಿ.