ಮೊದಲು ಹಗಲಿನ ನಿಪ್ಪಲ್, ಆಮೇಲೆ ಪಾಟಿ

ಮೈಸೂರಿನಲ್ಲಿ ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಎಳೆ ಮಕ್ಕಳ ತಾಯಂದಿರಿಗೆ ಒಂದು ಚಿಂತೆ ಹತ್ತಿಕೊಳ್ಳುತ್ತದೆ. ಜೂನ್‌ನಲ್ಲಿ ಮಗುವನ್ನು ಪ್ಲೇ ಹೋಮ್‌ಗೆ ಸೇರಿಸಬೇಕು. ಡೈಪರ್ ಬಿಟ್ಟಿರಬೇಕು ಅಂತ ಅಲ್ಲಿ ಹೇಳಿರುತ್ತಾರೆ. ಇತ್ತ ಮಗುವಿನ ಬಾಯಲ್ಲಿ ಇನ್ನೂ ನಿಪ್ಪಲ್, ಹಾಲಿಲ್ಲದೆ ಸುಮ್ಮನೆ ಚೀಪುವ ರಬ್ಬರಿನದು. "ಆಂಟಿ, ಎರಡನ್ನೂ ಈ ರಜೆಯಲ್ಲೇ ಬಿಡಿಸಿಬಿಡ್ತೀನಿ" ಎಂದು ನಮ್ಮ ಕುವೆಂಪುನಗರದ ಬೀದಿಯಲ್ಲಿ ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಎರಡನ್ನೂ ಒಟ್ಟಿಗೆ ಮಾತ್ರ ಬೇಡ ಕಣಮ್ಮ ಅನ್ನುತ್ತೇನೆ ನಾನು.

ನಿಪ್ಪಲ್ ಮಗುವಿಗೆ ಸಮಾಧಾನ ಕೊಡುವ ವಸ್ತು. ನಿದ್ದೆ ಬಂದಾಗ, ಬಿದ್ದು ಪೆಟ್ಟಾದಾಗ, ಗುರುತಿಲ್ಲದವರು ಎತ್ತಿಕೊಂಡಾಗ ಅದು ಬೇಕು. ಪಾಟಿಯಲ್ಲಿ, ಅಂದರೆ ಸುಸ್ಸು ಕಕ್ಕ ಮಾಡಿಸುವ ಮಕ್ಕಳ ಪುಟ್ಟ ಪೀಠದಲ್ಲಿ, ಕೂರುವುದನ್ನು ಕಲಿಯುವುದು ಆ ಪುಟ್ಟ ಜೀವಕ್ಕೆ ದೊಡ್ಡ ಕೆಲಸ. ಸಮಾಧಾನವನ್ನು ಕಿತ್ತುಕೊಂಡು ಅದೇ ವಾರ ದೊಡ್ಡ ಕೆಲಸವನ್ನೂ ತಲೆಗೆ ಕಟ್ಟಿದರೆ ಮಗು ಎರಡರಲ್ಲೂ ಹಠ ಹಿಡಿಯುತ್ತದೆ. ಹಾಗಾಗಿ ಮೊದಲು ಹಗಲಿನ ನಿಪ್ಪಲ್ ನಿಲ್ಲಿಸಿ. ಅದು ಮರೆತ ಮೇಲೆ ಪಾಟಿ. ಪಾಟಿ ಚೆನ್ನಾಗಿ ರೂಢಿಯಾದ ಮೇಲೆ, ಕೊನೆಗೆ, ಮಲಗುವಾಗಿನ ನಿಪ್ಪಲ್. ಮನೆಗೆ ಹೊಸ ಕೂಸು ಬರುವುದಿದ್ದರೆ, ಮನೆ ಬದಲಾಯಿಸುವುದಿದ್ದರೆ, ಮಗು ಜ್ವರದಿಂದ ಈಗಷ್ಟೇ ಎದ್ದಿದ್ದರೆ ಯಾವುದನ್ನೂ ಶುರು ಮಾಡಬೇಡಿ. ಸ್ವಲ್ಪ ತಡವಾದರೆ ಏನೂ ನಷ್ಟವಿಲ್ಲ.

ಹಗಲಿನ ನಿಪ್ಪಲ್ ಬಿಡಿಸಲು ಒಂದೂವರೆ ವರ್ಷ ತುಂಬಿದ ಮೇಲೆ ಒಳ್ಳೆಯ ಕಾಲ. ಆಗ ಮಕ್ಕಳು ಹೊಸ ಹೊಸ ಮಾತು ಕಲಿಯುತ್ತಿರುತ್ತಾರೆ. ಬಾಯಿಗೆ ಬಿರಡೆ ಹಾಕಿಕೊಂಡು ಮಾತಾಡುವುದು ಹೇಗೆ? ಆರು ತಿಂಗಳು ಕಳೆದ ಮೇಲೂ ಇಡೀ ದಿನ ಚೀಪುವ ಮಕ್ಕಳಿಗೆ ಕಿವಿ ಸೋಂಕು ಜಾಸ್ತಿ ಅಂತ ಮಕ್ಕಳ ಡಾಕ್ಟರುಗಳೂ ಹೇಳುತ್ತಾರೆ. ಮೂರು ವರ್ಷ ದಾಟಿದರೂ ಬಿಡದಿದ್ದರೆ ಮುಂದಿನ ಹಲ್ಲುಗಳು ಒಂದಕ್ಕೊಂದು ಕೂಡದೆ ನಡುವೆ ಸಂದು ಉಳಿಯಬಹುದು. ಅಷ್ಟರೊಳಗೆ ಬಿಟ್ಟರೆ ಸಣ್ಣಪುಟ್ಟ ವ್ಯತ್ಯಾಸ ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ. ಎರಡು ವರ್ಷವಾದರೂ ಮಗು ಎರಡು ಪದ ಸೇರಿಸಿ ಹೇಳುತ್ತಿಲ್ಲ ಅಂದರೆ ತಪ್ಪನ್ನೆಲ್ಲ ನಿಪ್ಪಲ್ ಮೇಲೆ ಹಾಕಿ ಕಾಯಬೇಡಿ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಕಿವಿ, ಮಾತು ಎರಡನ್ನೂ ಅಲ್ಲಿ ಪರೀಕ್ಷೆ ಮಾಡುತ್ತಾರೆ. ದೂರದ ಊರಿನವರು ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ಮೈಸೂರು, ಮಂಡ್ಯದಲ್ಲೇ ಇರುವ ನಾವು ಯಾಕೆ ಹಿಂಜರಿಯಬೇಕು?

ಬಿಡಿಸುವ ದಾರಿ ಸುಲಭವೇ. ನಿಪ್ಪಲ್ ಹಾಸಿಗೆ ಬಿಟ್ಟು ಆಚೆ ಬರಬಾರದು, ಅಷ್ಟೇ. ಒಂದು ಡಬ್ಬಿ ಮಾಡಿ ದಿಂಬಿನ ಹತ್ತಿರ ಇಡಿ. ಮಗು ಕೇಳಿದರೆ ಇಲ್ಲ ಅನ್ನಬೇಡಿ. "ಬೇಕಾ ಕಂದ? ಬಾ, ಮಲಗಿ ಚೀಪು" ಅನ್ನಿ. ಆಟ ಬಿಟ್ಟು ಸುಮ್ನೆ ಮಲಗಿರಲು ಯಾವ ಮಗುವಿಗೂ ಮನಸ್ಸಿರುವುದಿಲ್ಲ. ಕೊಂಚ ಹೊತ್ತಿಗೆ ತಾನೇ ಎದ್ದು ಬರುತ್ತದೆ. ಪದೇ ಪದೇ ಕೇಳುತ್ತಿದ್ದರೆ ಹಸಿವಾಗಿದೆಯಾ, ನಿದ್ದೆಯಾ, ಬೇಜಾರಾ ಅಂತ ನೋಡಿ. ಎಷ್ಟೋ ಸಲ ಒಂದು ಲೋಟ ನೀರು, ಒಂದು ತುಂಡು ಚಪಾತಿ, ಇಲ್ಲವೇ ಕಾಂಪೌಂಡಿನ ಹತ್ತಿರ ನಿಂತು ಹಸು ತೋರಿಸಿದರೆ ಸಾಕು.

ಇನ್ನು ಹಳೆಯ ಕೆಲವು ಉಪಾಯಗಳಿವೆ. ಅವನ್ನು ದಯವಿಟ್ಟು ಮಾಡಬೇಡಿ. ಬೇವಿನ ಎಣ್ಣೆ ಹಚ್ಚಿ ಬಿಡಿಸುವವರಿದ್ದಾರೆ. ಬೇವಿನ ಎಣ್ಣೆ ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ವಿಷ. ವಾಂತಿಯಾಗಿ ಫಿಟ್ಸ್ ಬಂದು ಮಕ್ಕಳ ಜೀವಕ್ಕೇ ಅಪಾಯ ಆಗಿದ್ದಿದೆ. ಖಾರದ ಪುಡಿ ಹಚ್ಚುವುದು ಮಗುವಿಗೆ ಕೊಡುವ ಹಿಂಸೆ. ಇದಕ್ಕೆ ಉಲ್ಟಾ, ಅಳು ನಿಲ್ಲಿಸಲು ಜೇನುತುಪ್ಪದಲ್ಲೋ ಬೆಲ್ಲದ ಪಾಕದಲ್ಲೋ ಅದ್ದಿ ಕೊಡುವುದೂ ಇದೆ. ಸಿಹಿ ಹಲ್ಲಿನ ಮೇಲೆ ಕೂತು ಹುಳುಕಾಗುತ್ತದೆ. ಒಂದು ವರ್ಷದೊಳಗಿನ ಕೂಸಿಗಂತೂ ಜೇನುತುಪ್ಪ ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಕೂಸಿನ ಕೈಕಾಲಿನ ಶಕ್ತಿಯನ್ನೇ ಉಡುಗಿಸಬಲ್ಲದು. ನಿಪ್ಪಲ್ ತುದಿ ಕತ್ತರಿಸಿ ಕೊಡುವುದೂ ಬೇಡ. ಚೂರು ಕಿತ್ತು ಗಂಟಲಿಗೆ ಸಿಕ್ಕಿಕೊಂಡರೆ ಏನು ಗತಿ? ನಿಪ್ಪಲ್‌ಗೆ ದಾರ ಕಟ್ಟಿ ಮಗುವಿನ ಕುತ್ತಿಗೆಗೆ ನೇತುಹಾಕುವುದು ಅದಕ್ಕಿಂತ ಅಪಾಯ.

ಈಗ ಪಾಟಿಯ ವಿಷಯಕ್ಕೆ ಬರೋಣ. ವಯಸ್ಸಿಗಿಂತ ಮಗುವಿನ ಲಕ್ಷಣ ನೋಡಿ. ಎರಡು ಗಂಟೆ ಹೊತ್ತು ಡೈಪರ್ ಒದ್ದೆಯಾಗದೆ ಇರುತ್ತದಾ? ಕಕ್ಕ ಬರುವಾಗ ಬಾಗಿಲ ಹಿಂದೆಯೋ ಸೋಫಾ ಮೂಲೆಗೋ ಹೋಗಿ ನಿಲ್ಲುತ್ತದಾ? ಒದ್ದೆಯಾದರೆ ಚಡ್ಡಿ ಎಳೆದು ತೋರಿಸುತ್ತದಾ? ಹೇಳಿದ ಚಿಕ್ಕ ಮಾತು ಅರ್ಥವಾಗುತ್ತದಾ? ಇವೆಲ್ಲ ಕಂಡರೆ ಶುರು ಮಾಡಬಹುದು. ಕೆಲವರಿಗೆ ಒಂದೂವರೆ ವರ್ಷಕ್ಕೆ ಕಾಣುತ್ತದೆ, ಜಾಸ್ತಿ ಜನಕ್ಕೆ ಎರಡರಿಂದ ಮೂರರ ನಡುವೆ. ಗಂಡು ಮಕ್ಕಳು ಕೊಂಚ ನಿಧಾನ.

"ನಾವೆಲ್ಲ ಒಂದು ವರ್ಷಕ್ಕೇ ಕಲಿಸಿದ್ವಿ" ಎಂದು ನನ್ನ ವಯಸ್ಸಿನವರು ಸೊಸೆಯರನ್ನು ಚುಚ್ಚುವುದನ್ನು ಕೇಳಿದ್ದೇನೆ. ಆ ಮಾತು ಅರ್ಧ ನಿಜ. ಆಗ ಮನೆ ತುಂಬ ಜನ ಇರುತ್ತಿದ್ದರು. ಮಗು ಎದ್ದ ಕೂಡಲೇ, ಹಾಲು ಕುಡಿದ ಕೂಡಲೇ ಯಾರಾದರೂ ಕಾಲು ಚಾಚಿ ಕೂತು, ಪಾದಗಳ ಮೇಲೆ ಕೂರಿಸಿಕೊಂಡು "ಸ್ಸ್ಸ್" ಅನ್ನುತ್ತಿದ್ದರು. ಮಗು ಹೇಳುತ್ತಿರಲಿಲ್ಲ, ದೊಡ್ಡವರು ಹೊತ್ತು ನೋಡಿಕೊಂಡು ಹಿಡಿಯುತ್ತಿದ್ದರು. ಅದು ಒಳ್ಳೆಯ ಅಭ್ಯಾಸವೇ. ಬಿಡುವಿದ್ದರೆ ಈಗಲೂ ಮಾಡಿ. ಆದರೆ ಬೆಳಿಗ್ಗೆ ಎಂಟಕ್ಕೇ ಕೆಲಸಕ್ಕೆ ಓಡುವ ಹುಡುಗಿಗೆ ಅದನ್ನು ಮುಂದಿಟ್ಟು ಹಂಗಿಸುವುದು ನ್ಯಾಯವಲ್ಲ. ಹಳೆಯ ಕಾಲದಿಂದ ಒಂದು ವಿಷಯ ಮಾತ್ರ ತೆಗೆದುಕೊಳ್ಳಬಹುದು. ಬಟ್ಟೆಯ ಲಂಗೋಟಿ ಒದ್ದೆಯಾದರೆ ಮಗುವಿಗೆ ತಕ್ಷಣ ಗೊತ್ತಾಗುತ್ತದೆ. ಡೈಪರ್ ಎಲ್ಲವನ್ನೂ ಹೀರಿಬಿಡುವುದರಿಂದ ಸುಸ್ಸು ಬಂದದ್ದೇ ತಿಳಿಯುವುದಿಲ್ಲ. ಕಲಿಸುವ ದಿನಗಳಲ್ಲಿ ಹಗಲು ಹೊತ್ತು ಹತ್ತಿಯ ಚಡ್ಡಿ ಹಾಕಿ.

ಇದಕ್ಕೆ ಏಪ್ರಿಲ್, ಮೇ ತಿಂಗಳು ಚೆನ್ನ. ಚಳಿ ಇಲ್ಲ, ತೊಳೆದ ಚಡ್ಡಿ ಮಧ್ಯಾಹ್ನದೊಳಗೆ ಒಣಗುತ್ತದೆ. ಆಷಾಢದ ಜಿಟಿಜಿಟಿಯಲ್ಲಿ ಶುರು ಮಾಡಿದರೆ ಬಟ್ಟೆ ಒಣಗಿಸುವುದರಲ್ಲೇ ತಾಯಿಯ ತಾಳ್ಮೆ ಮುಗಿದುಹೋಗುತ್ತದೆ. ಸುಲಭವಾಗಿ ಎಳೆಯಬಹುದಾದ ಎಲಾಸ್ಟಿಕ್ ಚಡ್ಡಿಗಳನ್ನು ಹತ್ತು ಹನ್ನೆರಡು ತಂದಿಡಿ. ಜೀನ್ಸು, ಗುಂಡಿ ಏನೂ ಬೇಡ.

ನೆಲದ ಮೇಲಿಡುವ ಪುಟ್ಟ ಪಾಟಿ ಒಳ್ಳೆಯದು. ಮಗುವಿನ ಎರಡೂ ಪಾದ ನೆಲಕ್ಕೆ ಊರುತ್ತವೆ, ಮುಕ್ಕಲು ಅನುಕೂಲ. ಕಮೋಡ್ ಮೇಲೆ ಸೀಟ್ ಇಟ್ಟು ಕೂರಿಸುವುದಾದರೆ ಕಾಲ ಕೆಳಗೆ ಒಂದು ಮಣೆ ಇಡಲೇಬೇಕು. ಕಾಲು ಜೋತಾಡುತ್ತಿದ್ದರೆ ಮಗುವಿಗೆ ಬೀಳುವ ಭಯ, ಭಯದಲ್ಲಿ ಏನೂ ಆಚೆ ಬರುವುದಿಲ್ಲ. ಫ್ಲಶ್ ಸದ್ದಿಗೆ ಹೆದರುವ ಮಕ್ಕಳಿದ್ದಾರೆ. ಅವರು ಆಚೆ ಹೋದ ಮೇಲೆ ಫ್ಲಶ್ ಮಾಡಿ. ಬಚ್ಚಲಲ್ಲಿ ತುಂಬಿದ ಬಕೆಟ್ ಇಟ್ಟು ಮಗುವನ್ನು ಒಂಟಿಯಾಗಿ ಬಿಡಬೇಡಿ. ಅರ್ಧ ಬಕೆಟ್ ನೀರಿನಲ್ಲೂ ಈ ವಯಸ್ಸಿನ ಮಕ್ಕಳು ಮುಳುಗುತ್ತಾರೆ. ಆಸಿಡ್, ಫಿನಾಯಿಲ್ ಬಾಟಲಿ ಎತ್ತರಕ್ಕೆ ಹೋಗಲಿ.

ಹೊಟ್ಟೆ ತುಂಬಿದ ಕೂಡಲೇ ಕರುಳು ಕೆಲಸ ಶುರು ಮಾಡುವುದು ದೇಹದ ಸಹಜ ಗುಣ. ಹಾಗಾಗಿ ಬೆಳಿಗ್ಗೆ ತಿಂಡಿಯಾಗಿ ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೆ ಕೂರಿಸಿ. ಎದ್ದ ಕೂಡಲೇ ಒಮ್ಮೆ, ಊಟ ಆದ ಮೇಲೆ, ಸ್ನಾನಕ್ಕೆ ಮುಂಚೆ, ಮಲಗುವ ಮುಂಚೆ. ಐದು ನಿಮಿಷ ಸಾಕು. ಬಂದರೆ ಸರಿ, ಬರದಿದ್ದರೆ ಎಬ್ಬಿಸಿ. ಮೊಬೈಲ್ ಕೈಗೆ ಕೊಟ್ಟು ಅರ್ಧ ಗಂಟೆ ಕೂರಿಸಬೇಡಿ. ಮಗು ಮೊಬೈಲ್ ನೋಡುತ್ತದೆ, ಬಂದ ಕೆಲಸ ಮರೆಯುತ್ತದೆ. ಸುಸ್ಸು, ಕಕ್ಕ ಅಂತಲೋ ನಿಮ್ಮ ಮನೆಯಲ್ಲಿ ಏನನ್ನುತ್ತೀರೋ ಅದನ್ನೇ ಅಜ್ಜಿ, ತಾತ, ನೋಡಿಕೊಳ್ಳುವ ಆಯಾ ಎಲ್ಲರೂ ಹೇಳಲಿ. ಪ್ಲೇ ಹೋಮ್‌ನ ಮಿಸ್ಸಿಗೂ ಆ ಪದ ತಿಳಿಸಿ. ಗಂಡು ಮಗುವಿಗೂ ಮೊದಲು ಕೂತೇ ಅಭ್ಯಾಸವಾಗಲಿ. ಹೆಣ್ಣು ಮಗುವನ್ನು ತೊಳೆಯುವಾಗ ಯಾವಾಗಲೂ ಮುಂದಿನಿಂದ ಹಿಂದಕ್ಕೆ. ಇಲ್ಲದಿದ್ದರೆ ಮೂತ್ರದ ಸೋಂಕು ಬರಬಹುದು. ಪಾಟಿಯಲ್ಲಿದ್ದದ್ದನ್ನು ಟಾಯ್ಲೆಟ್ಟಿಗೇ ಹಾಕಿ. ಮಗುವಿನದ್ದು ತಾನೇ ಅಂತ ಮೋರಿಗೆ ಸುರಿಯಬೇಡಿ, ಅದರಲ್ಲೂ ರೋಗಾಣು ಅಷ್ಟೇ ಇರುತ್ತದೆ. ಆಮೇಲೆ ಇಬ್ಬರೂ ಸೋಪು ಹಾಕಿ ಕೈ ತೊಳೆಯಿರಿ.

ಹಾಲ್‌ನಲ್ಲಿ, ದೇವರ ಮನೆ ಮುಂದೆ, ನೆಂಟರ ಎದುರು ಮಗು ಸುಸ್ಸು ಮಾಡಿಕೊಳ್ಳುತ್ತದೆ. ಮಾಡಿಕೊಳ್ಳಲಿ. "ಒದ್ದೆ ಆಯ್ತಾ? ಮುಂದಿನ ಸಲ ಪಾಟಿಯಲ್ಲಿ ಮಾಡೋಣ" ಅಂತ ಹೇಳಿ ಒರೆಸಿ. "ಛೀ, ಕೊಳಕು! ನಾಚಿಕೆ ಆಗಲ್ವಾ? ಪಕ್ಕದ್ಮನೆ ಪುಟ್ಟಿ ನೋಡು" ಎಂಬ ಮಾತುಗಳು ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತವೆ. ಅವನ್ನು ನುಂಗಿಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ. ನಾಚಿಕೆಪಟ್ಟ ಮಗು ಪಾಟಿಗೆ ಬರುವುದಿಲ್ಲ. ಮಂಚದ ಕೆಳಗೆ ಹೋಗಿ ಅವಿತುಕೊಳ್ಳುತ್ತದೆ, ಇಲ್ಲವೇ ತಡೆದು ಹಿಡಿಯುತ್ತದೆ. ಹೊಡೆದವರ ಮನೆಯಲ್ಲಿ ಬೇಗ ಕಲಿತ ಮಗುವನ್ನು ನಾನು ಕಂಡಿಲ್ಲ. ಹೊಗಳಿಕೆಯೂ ಹದವಾಗಿರಲಿ, ಪ್ರತಿ ಸುಸ್ಸಿಗೂ ಚಾಕೊಲೇಟ್ ಬೇಡ.

ತಡೆದು ಹಿಡಿಯುವ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಪಾಟಿ ಕಲಿಕೆ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಒಂದು ಸಲ ಮೋಷನ್ ಗಟ್ಟಿಯಾಗಿ ನೋವಾದರೆ ಮಗು ಹೆದರುತ್ತದೆ. ಮರುದಿನ ಬಂದರೂ ಕಾಲು ಬಿಗಿಹಿಡಿದು, ತುದಿಗಾಲಲ್ಲಿ ನಿಂತು ತಡೆಯುತ್ತದೆ. ತಡೆದಷ್ಟೂ ಅದು ಒಣಗಿ ಇನ್ನೂ ಗಟ್ಟಿ, ಇನ್ನೂ ನೋವು. ಮಗು ಮುಕ್ಕುತ್ತಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಅದು ತಡೆಯುತ್ತಿರುತ್ತದೆ. ಇಂಥ ಹೊತ್ತಿನಲ್ಲಿ ಪಾಟಿ ಪಾಠ ನಿಲ್ಲಿಸಿ, ಹೊಟ್ಟೆ ಸರಿಮಾಡಿ. ಹಾಲು ಜಾಸ್ತಿಯಾಗಿದೆಯಾ ನೋಡಿ. ಎರಡು ವರ್ಷದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಸಾಕು. ಅದಕ್ಕೂ ಮೀರಿ ಬಾಟಲಿ ಬಾಟಲಿ ಕುಡಿದರೆ ಊಟ ಸೇರುವುದಿಲ್ಲ, ಮೋಷನ್ ಗಟ್ಟಿಯಾಗುತ್ತದೆ, ರಕ್ತವೂ ಕಡಿಮೆಯಾಗುತ್ತದೆ. ಪರಂಗಿ ಹಣ್ಣು, ಬೀಜ ತೆಗೆದ ಸೀಬೆ, ಚೆನ್ನಾಗಿ ಹಣ್ಣಾದ ಬಾಳೆಹಣ್ಣು ಕೊಡಿ. ನಂಜನಗೂಡು ರಸಬಾಳೆ ಸಿಕ್ಕರೆ ಇನ್ನೂ ಚೆನ್ನ. ನೆನೆಸಿ ಕಿವುಚಿದ ಒಣದ್ರಾಕ್ಷಿ ಕೊಡಿ. ಬಸ್ಸಾರಿನ ಬೆಂದ ಸೊಪ್ಪು ಕಾಳನ್ನು ಅನ್ನದಲ್ಲಿ ಕಲಸಿ. ಮೆತ್ತಗಿನ ಮುದ್ದೆಯನ್ನು ಸಾರಿನಲ್ಲಿ ಅದ್ದಿ ತಿನ್ನಿಸಿ. ನೀರು ಆಗಾಗ ಕುಡಿಸಿ.

ಮೋಷನ್ ಆಗಲಿ ಅಂತ ವೀಳ್ಯದೆಲೆ ತೊಟ್ಟಿಗೆ ಎಣ್ಣೆ ಹಚ್ಚಿ ಗುದದ್ವಾರದಲ್ಲಿ ಇಡುವುದು, ಸೋಪಿನ ಚೂರು ಇಡುವುದು, ಚಮಚಗಟ್ಟಲೆ ಹರಳೆಣ್ಣೆ ಕುಡಿಸುವುದು ಬೇಡ. ಎಳೆಯ ಚರ್ಮ ಸುಡುತ್ತದೆ, ಗಾಯವಾಗುತ್ತದೆ, ಮಗುವಿನ ಹೆದರಿಕೆ ದುಪ್ಪಟ್ಟಾಗುತ್ತದೆ. ಹಣ್ಣು, ನೀರಿಗೆ ಬಗ್ಗದಿದ್ದರೆ, ರಕ್ತ ಕಂಡರೆ, ಹೊಟ್ಟೆ ಉಬ್ಬಿದರೆ ಡಾಕ್ಟರ ಹತ್ತಿರ ಹೋಗಿ. ಅವರು ಕೊಡುವ ಸಿರಪ್ಪನ್ನು ಹೇಳಿದಷ್ಟು ದಿನ ಹಾಕಿ. ಎರಡು ದಿನ ಸರಿಹೋಯ್ತು ಅಂತ ನಿಲ್ಲಿಸಿದರೆ ಮತ್ತೆ ಅದೇ ಕಥೆ. ಚಡ್ಡಿ ಒಣಗಿಯೇ ಇರುತ್ತಿದ್ದ ಮಗು ಇದ್ದಕ್ಕಿದ್ದಂತೆ ಪದೇ ಪದೇ ಒದ್ದೆ ಮಾಡಿಕೊಂಡರೆ, ಉರಿ ಅಂತ ಅತ್ತರೆ ಮೂತ್ರ ಪರೀಕ್ಷೆ ಮಾಡಿಸಿ. ಮೈಸೂರಿನ ಚೆಲುವಾಂಬ ಆಸ್ಪತ್ರೆ, ಮಂಡ್ಯದ ಮಿಮ್ಸ್ ಎರಡರಲ್ಲೂ ಮಕ್ಕಳ ಡಾಕ್ಟರುಗಳಿದ್ದಾರೆ.

ಪ್ರಯಾಣದಲ್ಲಿ ಡೈಪರ್ ಹಾಕಿದರೆ ಕಲಿತದ್ದೆಲ್ಲ ಹೋಗುವುದಿಲ್ಲ. ಬೆಂಗಳೂರಿಗೆ ಹೋಗುವಾಗ ಹೈವೇಯಲ್ಲಿ ಎಲ್ಲೆಂದರಲ್ಲಿ ಕಾರು ನಿಲ್ಲಿಸಲು ಆಗುತ್ತದಾ? ಮೃಗಾಲಯಕ್ಕೋ ದಸರಾ ವಸ್ತುಪ್ರದರ್ಶನಕ್ಕೋ ಹೋಗುವುದಾದರೆ ಎರಡು ಚಡ್ಡಿ, ಒಂದು ಪ್ಲಾಸ್ಟಿಕ್ ಕವರ್, ಒಂದು ಬಾಟಲಿ ನೀರು ಬ್ಯಾಗಿನಲ್ಲಿರಲಿ. ಒಳಗೆ ಹೋದ ಕೂಡಲೇ ಟಾಯ್ಲೆಟ್ ಎಲ್ಲಿದೆ ನೋಡಿಟ್ಟುಕೊಳ್ಳಿ.

ರಾತ್ರಿಯದ್ದು ಬೇರೆಯೇ ಲೆಕ್ಕ. ಅದು ಕಲಿಸಿ ಬರುವುದಲ್ಲ, ದೇಹ ಬೆಳೆದು ಬರುವುದು. ಐದು ವರ್ಷದವರೆಗೆ ಹಾಸಿಗೆ ಒದ್ದೆಯಾದರೆ ಗಾಬರಿ ಬೇಡ. ರಬ್ಬರ್ ಶೀಟ್ ಹಾಸಿ, ಮೇಲೆ ಹಳೇ ಕಾಟನ್ ಸೀರೆ ಮಡಿಸಿ ಹಾಕಿ. ಕೆಲವು ವಾರ ಬೆಳಿಗ್ಗೆ ಒಣಗಿದ ಡೈಪರ್ ಕಂಡ ಮೇಲೆ ರಾತ್ರಿಯದ್ದನ್ನೂ ಬಿಡಿಸಿ.

ಕೊನೆಗೆ ಹಾಸಿಗೆಯ ನಿಪ್ಪಲ್. ಮೂರು ವರ್ಷ ತುಂಬುವ ಮೊದಲು ಇದು ಮುಗಿಯಲಿ. ಪಾಟಿ ನಿಧಾನವಾಗಿ ಸಾಗಿದ್ದರೂ ಪರವಾಗಿಲ್ಲ, ಅದನ್ನು ಕೆಲವು ವಾರ ಬದಿಗಿಟ್ಟು ನಿಪ್ಪಲ್ ಬಿಡಿಸಿ. "ಕಾಗೆ ಎತ್ಕೊಂಡು ಹೋಯ್ತು" ಅನ್ನುವುದು ನಮ್ಮ ಕಡೆ ರೂಢಿ. ನನಗೆ ಅದು ಹಿಡಿಸುವುದಿಲ್ಲ. ಮಗು ಕಿಟಕಿ ಹತ್ತಿರ ನಿಂತು ಕಾಗೆಗಾಗಿ ಕಾಯುತ್ತದೆ, ರಾತ್ರಿ ಕಾಗೆ ನೆನೆದು ಬೆಚ್ಚುತ್ತದೆ. ಗುಮ್ಮನ ಹೆಸರೂ ಬೇಡ. ಇದ್ದದ್ದನ್ನು ಹೇಳಿ. "ನಿನ್ನ ಹಲ್ಲು ದೊಡ್ಡದಾಗ್ತಿದೆ ಚಿನ್ನ, ಶನಿವಾರದಿಂದ ನಿಪ್ಪಲ್ ಇಲ್ಲ" ಎಂದು ಮೊದಲೇ ನಾಲ್ಕು ದಿನ ಹೇಳುತ್ತಾ ಬನ್ನಿ. ಆ ದಿನ ಮಗುವಿನ ಕೈಯಿಂದಲೇ ಎಲ್ಲವನ್ನೂ ಡಬ್ಬಿಗೆ ಹಾಕಿಸಿ ಎತ್ತಿಟ್ಟುಬಿಡಿ. ರಾತ್ರಿ ಅಳುತ್ತದೆ. ಪಕ್ಕದಲ್ಲಿ ಮಲಗಿ ಬೆನ್ನು ತಟ್ಟಿ, ಲಾಲಿ ಹೇಳಿ, ಅಮ್ಮನ ಸೀರೆ ಸೆರಗನ್ನೋ ಮೆತ್ತಗಿನ ಬಟ್ಟೆಯನ್ನೋ ಕೈಗೆ ಕೊಡಿ. ಮೊದಲ ಎರಡು ಮೂರು ರಾತ್ರಿ ಕಷ್ಟ, ಆಮೇಲೆ ಅಳು ಇಳಿಯುತ್ತದೆ. ಮೂರನೇ ರಾತ್ರಿ ಕರುಳು ಚುರುಕ್ ಅಂದು ತೆಗೆದುಕೊಟ್ಟರೆ, ಜೋರಾಗಿ ಅತ್ತರೆ ಸಿಗುತ್ತದೆ ಅಂತ ಮಗು ಕಲಿಯುತ್ತದೆ. ಮುಂದಿನ ಸಲ ಇನ್ನೂ ಕಷ್ಟ. ಹೆಬ್ಬೆರಳು ಬಾಯಿಗೆ ಹೋಗುತ್ತಿದೆಯಾ ಗಮನಿಸಿ. ಬೆರಳನ್ನು ಡಬ್ಬಿಗೆ ಹಾಕಿ ಎತ್ತಿಡಲು ಆಗುವುದಿಲ್ಲ, ಹಾಗಾಗಿ ಆ ದಿನಗಳಲ್ಲಿ ನಿದ್ದೆ ಬರುವವರೆಗೆ ಎರಡೂ ಕೈಗೆ ಏನಾದರೂ ಇರಲಿ.

ಕಾರಿನ ಸೀಟಿನ ಕೆಳಗೆ, ಹಳೇ ಬ್ಯಾಗಿನಲ್ಲಿ, ಡ್ರಾಯರಿನಲ್ಲಿ ಉಳಿದ ನಿಪ್ಪಲ್‌ಗಳನ್ನು ಹುಡುಕಿ ತೆಗೆಯಿರಿ. ಮಂಡ್ಯದ ಅಜ್ಜಿ ಮನೆಗೆ ಹೋಗುವ ಮುಂಚೆ ಅಲ್ಲಿಗೂ ಒಂದು ಫೋನ್ ಮಾಡಿ. "ಅಯ್ಯೋ ಪಾಪ, ಮಗು ಅಳ್ತಿದೆ" ಅಂತ ಬೀರುವಿನಿಂದ ಹೊಸದೊಂದು ತೆಗೆದುಕೊಡುವವರು ಅಲ್ಲಿ ಖಂಡಿತ ಇರುತ್ತಾರೆ.